ವಯಸ್ಸಾದ ನಾಯಿಯ ಮೈಮೇಲೆ ಗಂಟು, ಮಾಯದ ಗಾಯ: ಏನು ಮಾಡಬೇಕು, ಏನು ಮಾಡಬಾರದು

“ನಮ್ಮ ನಾಯಿಗೆ ಹನ್ನೊಂದು ವರ್ಷ. ಪಕ್ಕೆ ಮೇಲೆ ಗಂಟು ಎದ್ದಿದೆ, ಮುಟ್ಟಿದ್ರೆ ನೋವಿಲ್ಲ. ಹಂಗೇ ಬಿಡಬಹುದಾ?” “ಕಾಲಲ್ಲಿ ಗಾಯ ಆಗಿ ಎರಡು ತಿಂಗಳಾಯ್ತು, ಒಣಗ್ತಾನೇ ಇಲ್ಲ. ಎಲ್ಲಿ ತಾಗಿಸಿಕೊಂಡಿತೋ ಗೊತ್ತಿಲ್ಲ.” ಬಳ್ಳಾರಿಯಿಂದ, ಸಿಂಧನೂರಿನಿಂದ, ಗಂಗಾವತಿಯಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವೇ ಎರಡು. ಪ್ರತಿ ಸಲ ಫೋನಿನಲ್ಲಿ ಅರ್ಧ ಅರ್ಧ ಹೇಳುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆಯೋಣ ಅನ್ನಿಸಿತು.

ನಾನು ಪಶುವೈದ್ಯೆ ಅಲ್ಲ. ಬಳ್ಳಾರಿಯಲ್ಲಿ ಬಹಳ ವರ್ಷಗಳಿಂದ ನಾಯಿ ಸಾಕುತ್ತಾ, ಮುದಿ ನಾಯಿಗಳನ್ನು ದವಾಖಾನೆಗೆ ಕರೆದುಕೊಂಡು ಓಡಾಡಿದವಳು. ನಮ್ಮ ಕೆಂಚನ ತೊಡೆಯ ಮೇಲೆ ಗಂಟು ಬಂದಾಗ ತೋರಿಸಿದ ಕಡೆ ಕೈಯಲ್ಲಿ ಒತ್ತಿ ನೋಡಿ, “ಕೊಬ್ಬಿನ ಗಂಟು, ಬಿಡ್ರಿ” ಅಂದರು. ನಾನೂ ಬಿಟ್ಟೆ. ಐದು ತಿಂಗಳ ಮೇಲೆ ಸೂಜಿ ಹಾಕಿ ಪರೀಕ್ಷೆ ಮಾಡಿಸಿದಾಗ ಅದು ಕ್ಯಾನ್ಸರ್ ಗಡ್ಡೆ ಅಂತ ಗೊತ್ತಾಯಿತು. ಅಷ್ಟು ಹೊತ್ತಿಗೆ ಪಕ್ಕದ ಗ್ರಂಥಿಗೂ ಹರಡಿತ್ತು. ಆದ್ದರಿಂದ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಗಂಟನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಒತ್ತಿ ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಯಾರೂ ಖಚಿತವಾಗಿ ಹೇಳಲಾರರು. ಎಷ್ಟೇ ಅನುಭವ ಇದ್ದರೂ ಅಷ್ಟೇ.

ಸಾಧಾರಣ ಗಾತ್ರದ ನಾಯಿಗೆ ಏಳು-ಎಂಟು ವರ್ಷ ದಾಟಿದರೆ ವಯಸ್ಸಾಯಿತು ಅಂತಲೇ ಲೆಕ್ಕ. ಗ್ರೇಟ್ ಡೇನ್‌ನಂತಹ ದೊಡ್ಡ ಜಾತಿಗೆ ಇನ್ನೂ ಬೇಗ, ಪಮೇರಿಯನ್‌ನಂತಹ ಸಣ್ಣ ಜಾತಿಗೆ ಸ್ವಲ್ಪ ತಡ.

ಮನೆಯಲ್ಲಿ ಇರಬೇಕಾದ್ದು

ಇವನ್ನು ಮೊದಲೇ ಒಂದು ಡಬ್ಬಿಯಲ್ಲಿ ಹಾಕಿಡಿ: ಗಾಜ್ ಬಟ್ಟೆ, ಹತ್ತಿ, ಸೂಜಿ ಇಲ್ಲದ 20 ಎಂ.ಎಲ್. ಸಿರಿಂಜ್, ಪೊವಿಡೋನ್ ಅಯೋಡಿನ್ ದ್ರಾವಣ (ಬೆಟಾಡಿನ್ ಅಂತ ಕೇಳಿದರೆ ಕೊಡುತ್ತಾರೆ), ಸಣ್ಣ ಸ್ಕೇಲು, ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್, ರಬ್ಬರ್ ಕೈಗವಸು, ಚಿಕ್ಕ ಟಾರ್ಚ್, ಹಳೆ ಹತ್ತಿ ಸೀರೆಯ ಒಂದು ಉದ್ದ ಪಟ್ಟಿ. ಬೆಟಾಡಿನ್‌ನಲ್ಲಿ ‘ಸ್ಕ್ರಬ್’ ಅಂತ ಬರೆದದ್ದು ಬೇಡ. ಅದರಲ್ಲಿ ಸೋಪು ಇರುತ್ತದೆ, ತೆರೆದ ಗಾಯಕ್ಕೆ ಉರಿ. ‘ಸೊಲ್ಯೂಷನ್’ ಅಂತ ಇರುವುದನ್ನೇ ತನ್ನಿ.

ಸೀರೆ ಪಟ್ಟಿ ಬಾಯಿ ಕಟ್ಟುವುದಕ್ಕೆ. ಎಷ್ಟೇ ಸಾಧು ನಾಯಿಯಾದರೂ ನೋವಿನಲ್ಲಿ ಕಚ್ಚುತ್ತದೆ. ಮೂತಿಯ ಮೇಲೆ ಒಂದು ಸುತ್ತು, ಗದ್ದದ ಕೆಳಗೆ ಒಂದು ಸುತ್ತು ಹಾಕಿ ಕಿವಿಯ ಹಿಂದೆ ಗಂಟು ಹಾಕಿ. ಐದು ನಿಮಿಷಕ್ಕಿಂತ ಜಾಸ್ತಿ ಹಾಗೆ ಬಿಡಬೇಡಿ. ನಾಯಿ ಮೈ ತಣ್ಣಗೆ ಮಾಡಿಕೊಳ್ಳುವುದು ಬಾಯಿ ತೆರೆದು ಏದುಸಿರು ಬಿಟ್ಟು. ನಮ್ಮ ಕಡೆ ಬಿಸಿಲಲ್ಲಿ ಬಾಯಿ ಕಟ್ಟಿ ಕೂರಿಸಿದರೆ ಅದೇ ಅಪಾಯ. ಪಗ್‌ನಂತಹ ಚಪ್ಪಟೆ ಮೂತಿಯ ನಾಯಿಗೆ, ವಾಂತಿ ಮಾಡುತ್ತಿರುವ ನಾಯಿಗೆ ಬಾಯಿ ಕಟ್ಟಲೇಬೇಡಿ.

1. ಈಗಲೇ ಓಡಬೇಕಾ, ನಾಳೆವರೆಗೆ ತಡೆಯಬಹುದಾ?

ಬೇರೆ ಏನು ಮಾಡುವ ಮೊದಲು ಇದನ್ನು ನೋಡಿ. ತುಟಿ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣ ಇದ್ದರೆ ಸರಿ. ಬಿಳಿಚಿದ್ದರೆ ಒಳಗೆಲ್ಲೋ ರಕ್ತ ಸೋರುತ್ತಿರಬಹುದು. ವಯಸ್ಸಾದ ನಾಯಿಯ ಗುಲ್ಮದಲ್ಲಿ, ಅಂದರೆ ಹೊಟ್ಟೆಯ ಎಡಭಾಗದಲ್ಲಿ ರಕ್ತ ಶೇಖರವಾಗುವ ಅಂಗದಲ್ಲಿ, ಗಡ್ಡೆ ಬೆಳೆದು ಒಡೆದರೆ ಹೀಗಾಗುತ್ತದೆ. ಹೊಟ್ಟೆ ಉಬ್ಬಿ, ನಾಯಿ ಇದ್ದಕ್ಕಿದ್ದಂತೆ ಕುಸಿದು ಬೀಳುತ್ತದೆ. ಅದು ಗಂಟೆಗಳ ಲೆಕ್ಕ.

ಮುಖ ಅಥವಾ ಕಾಲು ಒಂದೆರಡು ಗಂಟೆಯೊಳಗೆ ಬಾತುಕೊಂಡರೆ ಅದು ಗಡ್ಡೆ ಅಲ್ಲ. ಹಾವು, ಚೇಳು, ಜೇನು ಇವುಗಳಲ್ಲೊಂದು ಕಚ್ಚಿರಬಹುದು. ಸಿರುಗುಪ್ಪ, ಗಂಗಾವತಿ, ಮಾನ್ವಿ ಕಡೆಯ ಭತ್ತದ ಗದ್ದೆ ಪಕ್ಕ ಮನೆ ಇದ್ದವರು ಮೊದಲು ಹಾವನ್ನೇ ಅನುಮಾನಿಸಿ. ಮಂಡಲದ ಹಾವು ಕಚ್ಚಿದ ಜಾಗ ಭಾರಿ ಊದಿ, ಕಪ್ಪಾಗಿ, ರಕ್ತ ಜಿನುಗುತ್ತದೆ. ಬಟ್ಟೆ ಬಿಗಿಯಬೇಡಿ, ಕೊಯ್ಯಬೇಡಿ. ನಡೆಸದೆ ಎತ್ತಿಕೊಂಡು ಹೋಗಿ.

ರಕ್ತ ನಿಲ್ಲದಿದ್ದರೆ ಶುದ್ಧ ಬಟ್ಟೆ ಇಟ್ಟು ಹತ್ತು ನಿಮಿಷ ಒಂದೇ ಸಮ ಒತ್ತಿ ಹಿಡಿಯಿರಿ. ನಡುನಡುವೆ ಎತ್ತಿ ನೋಡಿದರೆ ಹೆಪ್ಪುಗಟ್ಟಿದ್ದು ಕಿತ್ತು ಬರುತ್ತದೆ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಟ್ಟು ಒತ್ತಿ.

ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ನೋಡಿ. ನಾಯಿಗೆ ಸಹಜ ತಾಪ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಜ್ವರ ಅನ್ನಿಸುವುದು ಅದಕ್ಕೆ ಸಹಜ. 103 ದಾಟಿ, ಊಟ ಬಿಟ್ಟಿದ್ದರೆ ಅವತ್ತೇ ತೋರಿಸಿ.

2. ಗಾಯ ಅಪರಿಚಿತ ನಾಯಿ ಕಚ್ಚಿದ್ದಿರಬಹುದಾ?

ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಗಾಯವನ್ನು ಕಡಿತ ಅಂತಲೇ ತಿಳಿದು ನಡೆದುಕೊಳ್ಳಿ. ರೇಬೀಸ್ ವಿಷಯದಲ್ಲಿ ಅಂದಾಜಿಗೆ ಜಾಗ ಇಲ್ಲ. ಕೈಗವಸು ಹಾಕಿಕೊಳ್ಳಿ. ಕಡಿತದ ಗಾಯವನ್ನು ಮಾತ್ರ, ಉರಿಯಾದರೂ ಸರಿ, ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ. ನಿಮ್ಮ ನಾಯಿಗೆ ಪ್ರತಿ ವರ್ಷ ರೇಬೀಸ್ ಲಸಿಕೆ ಹಾಕಿಸಿದ್ದರೂ ವೈದ್ಯರಿಗೆ ತಿಳಿಸಿ. ಮತ್ತೆ ಹಾಕುತ್ತಾರೆ. ನಿಮ್ಮ ಕೈಯಲ್ಲಿ ಗೀರು ಇದ್ದು ಅದಕ್ಕೆ ಜೊಲ್ಲು ತಾಗಿದ್ದರೆ ನೀವೂ ಅಷ್ಟೇ ಹೊತ್ತು ತೊಳೆದುಕೊಂಡು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ.

ಕಡಿತದ ಗಾಯದಲ್ಲಿ ಇನ್ನೊಂದು ಮೋಸ ಇದೆ. ಹಲ್ಲು ಒಳಗಿಳಿದ ತೂತು ಮೇಲೆ ಹುಣಸೆಬೀಜದಷ್ಟು ಕಾಣುತ್ತದೆ. ಒಳಗೆ ಚರ್ಮ ಮಾಂಸದಿಂದ ಬಿಟ್ಟು ಚೀಲದಂತಾಗಿರುತ್ತದೆ. ಮೇಲಿನ ತೂತು ಎರಡೇ ದಿನದಲ್ಲಿ ಮುಚ್ಚಿ, ಒಳಗೆ ಕೀವು ತುಂಬಿ, ವಾರದೊಳಗೆ ಬಿಸಿಬಿಸಿ ಗಂಟಾಗಿ ಏಳುತ್ತದೆ. ಕಾಡುಹಂದಿ ಕೋರೆಯಿಂದ ಸೀಳಿದ ಗಾಯವೂ ಹೀಗೇ. ಮೇಲೆ ಚಿಕ್ಕದು, ಒಳಗೆ ದೊಡ್ಡದು.

3. ಗಾಯ ತೊಳೆಯುವುದು

ಸುತ್ತಲಿನ ಕೂದಲು ಕತ್ತರಿಸಿ. ಒಂದು ಲೀಟರ್ ನೀರು ಕುದಿಸಿ ಆರಿಸಿ, 9 ಗ್ರಾಂ, ಅಂದರೆ ಸುಮಾರು ಒಂದೂವರೆ ಟೀ ಚಮಚ ಉಪ್ಪು ಹಾಕಿ. ಸಿರಿಂಜ್‌ನಲ್ಲಿ ಎಳೆದು ಗಾಯದ ಮೇಲೆ ಚಿಮ್ಮಿಸಿ. ಕೊಳೆ ಹೋಗುವವರೆಗೂ ಮಾಡಿ. ಆಮೇಲೆ ಬೆಟಾಡಿನ್ ದ್ರಾವಣವನ್ನು ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಹಚ್ಚಿ. ಮನೆಯಲ್ಲಿ ಮಾಡಬೇಕಾದ್ದು ಇಷ್ಟೇ.

ಮಾಡಬಾರದ್ದೇ ಜಾಸ್ತಿ ಇದೆ. ಅರಿಶಿನ, ಸುಣ್ಣ, ತಂಬಾಕು, ಖಾರದಪುಡಿ, ಸೀಮೆಎಣ್ಣೆ, ಗಾಡಿಯ ಹಳೆ ಆಯಿಲ್, ಫಿನೈಲ್ ಇವೆಲ್ಲ ಗಾಯದ ಮೇಲೆ ಸುರಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದೂ ಬೇಡ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರುವುದು ನೋಡಿ ಕೆಲಸ ಮಾಡುತ್ತಿದೆ ಅನ್ನಿಸುತ್ತದೆ. ಅದನ್ನು ಮತ್ತೆ ಮತ್ತೆ ಹಾಕಿದರೆ ಹೊಸದಾಗಿ ಬೆಳೆಯುವ ಚರ್ಮವೇ ಸಾಯುತ್ತದೆ.

ನೋವಿಗೆ ಮನುಷ್ಯರ ಮಾತ್ರೆ ಕೊಡಲೇಬೇಡಿ. ಐಬುಪ್ರೊಫೇನ್, ಡೈಕ್ಲೊಫೆನ್ಯಾಕ್‌ನಿಂದ ನಾಯಿಗೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ ಹೋಗುತ್ತದೆ. ಪ್ಯಾರಾಸಿಟಮಾಲ್ ಲಿವರ್ ಕೆಡಿಸುತ್ತದೆ. ಮುದಿ ನಾಯಿಯ ಕಿಡ್ನಿ ಮೊದಲೇ ಸೊರಗಿರುತ್ತದೆ. ಒಂದೆರಡು ಮಾತ್ರೆಯೇ ಸಾಕು ಅದನ್ನು ಮುಗಿಸಲು.

4. ಗಾಯದಲ್ಲಿ ಹುಳ ಬಿದ್ದಿದ್ದರೆ

ನಮ್ಮ ಜಿಲ್ಲೆಗಳಲ್ಲಿ ಮುದಿ ನಾಯಿಗಳನ್ನು ಜಾಸ್ತಿ ಕಾಡುವುದು ಇದು. ನೊಣ ಗಾಯದ ತೇವದ ಮೇಲೆ ಮೊಟ್ಟೆ ಇಡುತ್ತದೆ. ಸೆಕೆಯಲ್ಲಿ ಒಂದು ದಿನದೊಳಗೆ ಮರಿ ಹುಳ ಹೊರಬಂದು ಮಾಂಸ ತಿನ್ನುತ್ತಾ ಒಳಗೆ ಇಳಿಯುತ್ತವೆ. ಹಗಲೆಲ್ಲ ಮಲಗಿರುವ, ಬಾಲದಿಂದ ನೊಣ ಓಡಿಸಲಾಗದ ನಾಯಿಗೆ ಸಣ್ಣ ಗೀರು ಸಾಕು. ಗುರುತು: ಕೊಳೆತ ವಾಸನೆ, ಒಂದೇ ಜಾಗ ನೆಕ್ಕುವುದು, ಕೂದಲಿನಲ್ಲಿ ಅಕ್ಕಿ ನುಚ್ಚಿನಂತಹ ಬಿಳಿ ಮೊಟ್ಟೆ, ತೂತಿನ ಅಂಚಿನಲ್ಲಿ ಅಲುಗಾಟ. ಕಿವಿ, ಬಾಲದ ಬುಡ, ಕಾಲ್ಬೆರಳ ಸಂದಿ, ಕೊರಳ ಪಟ್ಟಿಯ ಕೆಳಗೆ ತಪ್ಪದೇ ನೋಡಿ.

ಕೂದಲು ಕತ್ತರಿಸಿ, ಉಪ್ಪು ನೀರಿನಲ್ಲಿ ತೊಳೆದು, ಕಾಣುವ ಹುಳವನ್ನು ಚಿಮಟದಲ್ಲಿ ತೆಗೆಯಿರಿ. ಉಳಿದದ್ದು ವೈದ್ಯರ ಕೆಲಸ. ಮೇಲಿನದು ತೆಗೆದು ಮುಗಿಯಿತು ಅಂದುಕೊಳ್ಳಬೇಡಿ. ಹುಳ ಬೆರಳುದ್ದ ಒಳಗೆ ಅವಿತಿರುತ್ತವೆ. ಮರುದಿನ, ಅದರ ಮರುದಿನ ಮತ್ತೆ ತೆಗೆಯಬೇಕಾಗುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಗಾಯದ ಸ್ಪ್ರೇ ದವಾಖಾನೆ ತಲುಪುವವರೆಗೆ ಸಹಾಯಕ್ಕೆ ಬರುತ್ತದೆ. ಕಣ್ಣು, ಬಾಯಿ, ಕಿವಿಯ ಒಳಗೆ ಹೊಡೆಯಬೇಡಿ.

ದಯವಿಟ್ಟು ಕೇಳಿ: ಡಾಂಬರು ಗುಳಿಗೆ ಪುಡಿ ಮಾಡಿ ಗಾಯಕ್ಕೆ ತುಂಬಬೇಡಿ. ಹತ್ತಿ, ಮೆಣಸಿನಕಾಯಿ ಹೊಲಕ್ಕೆ ಹೊಡೆಯುವ ಕೀಟನಾಶಕ ಮನೆಯಲ್ಲಿದೆ ಅಂತ ಎರಡು ಹನಿ ಹಾಕಬೇಡಿ. ಹುಳ ಸಾಯುತ್ತವೆ ನಿಜ, ಆದರೆ ಅದೇ ವಿಷ ಗಾಯದ ಮೂಲಕ ರಕ್ತಕ್ಕೆ ಸೇರುತ್ತದೆ. ಜೊಲ್ಲು ಸುರಿಸಿ, ಮೈ ನಡುಗಿಸಿ ನಾಯಿ ಸಾಯುತ್ತದೆ. ಯಾರೋ ಈಗಾಗಲೇ ಹಾಕಿಬಿಟ್ಟಿದ್ದರೆ ಮುಚ್ಚಿಡಬೇಡಿ. ತೊಳೆದು, ಆ ಔಷಧಿಯ ಡಬ್ಬಿಯನ್ನೇ ವೈದ್ಯರ ಬಳಿ ತೆಗೆದುಕೊಂಡು ಹೋಗಿ.

ಹುಳಕ್ಕೆ ಕೊಡುವ ಐವರ್‌ಮೆಕ್ಟಿನ್ ಮದ್ದು ಕೋಲಿ ಜಾತಿಯ ನಾಯಿಗಳಿಗೆ ವಿಷವಾಗಬಹುದು. ದನಕ್ಕೆ ತಂದ ಬಾಟಲಿಯಿಂದ ಅಂದಾಜಿಗೆ ಚುಚ್ಚಿಸುವುದಂತೂ ಯಾವ ನಾಯಿಗೂ ಬೇಡ.

5. ಗಾಯ ಮೂರು ವಾರವಾದರೂ ಮಾಯದಿದ್ದರೆ

ಮುಲಾಮು ಬದಲಿಸುವುದು ನಿಲ್ಲಿಸಿ. ಯಾಕೆ ಮಾಯುತ್ತಿಲ್ಲ ಅಂತ ಹುಡುಕಿ. ಮುಖ್ಯ ಕಾರಣಗಳು ಇವು.

ಒಳಗೆ ಮುಳ್ಳು ಇರುವುದು. ಬಳ್ಳಾರಿ ಜಾಲಿ ಅಂತ ನಮ್ಮ ಊರಿನ ಹೆಸರನ್ನೇ ಹೊತ್ತ ಗಿಡದ ಮುಳ್ಳು ಅಂಗಾಲಿನಲ್ಲಿ ಮುರಿದು ಉಳಿಯುತ್ತದೆ. ಗಾಯ ಮುಚ್ಚಿ, ಮತ್ತೆ ಬಾತು, ಮತ್ತೆ ಕೀವು ಸೋರುತ್ತದೆ. ಆ್ಯಂಟಿಬಯಾಟಿಕ್ ಕೊಟ್ಟಾಗ ಕಡಿಮೆಯಾಗಿ, ನಿಲ್ಲಿಸಿದಾಗ ತಿರುಗಿ ಬರುವ ಗಾಯ ಅಂದರೆ ಒಳಗೆ ಏನೋ ಉಳಿದಿದೆ ಅಂತಲೇ ಅನುಮಾನಿಸಬೇಕು. ಮುಳ್ಳು, ಹುಲ್ಲಿನ ತೆನೆ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ‘ಎಕ್ಸ್‌ರೇ ಚೆನ್ನಾಗಿದೆ’ ಅನ್ನುವುದರಿಂದ ಮುಳ್ಳು ಇಲ್ಲ ಅಂತ ಆಗುವುದಿಲ್ಲ.

ಕಣ್ಣಿನ ಕೆಳಗೆ ಬಾತು ಒಡೆದು ಕೀವು ಬರುವುದು. ಇದನ್ನು ಎಲ್ಲರೂ ಮುಖದ ಗಾಯ ಅಂದುಕೊಳ್ಳುತ್ತಾರೆ. ಬಹಳ ಸಲ ಅದು ಮೇಲ್ದವಡೆಯ ದೊಡ್ಡ ಹಲ್ಲಿನ ಬೇರು ಕೊಳೆತದ್ದು. ಹಲ್ಲು ತೆಗೆಯದೆ ಎಷ್ಟು ಮುಲಾಮು ಹಚ್ಚಿದರೂ ತಿರುಗಿ ಬರುತ್ತದೆ.

ಗುದದ್ವಾರದ ಪಕ್ಕ ತೂತು. ಅಲ್ಲಿ ಎರಡು ಸಣ್ಣ ಗ್ರಂಥಿಯ ಚೀಲಗಳಿರುತ್ತವೆ. ಅವು ಕಟ್ಟಿಕೊಂಡು ಕೀವಾಗಿ ಒಡೆಯುತ್ತವೆ. ನಾಯಿ ನೆಲಕ್ಕೆ ತಿಕ ಉಜ್ಜುತ್ತಿತ್ತಾ, ನೆನಪಿಸಿಕೊಳ್ಳಿ.

ಮೊಣಕೈ ಮೇಲೆ ಒರಟು ಚರ್ಮ, ನೀರು ತುಂಬಿದ ಚೀಲ, ಒಡೆದ ಹುಣ್ಣು. ಕಡಪ ಕಲ್ಲಿನ ನೆಲ ತಣ್ಣಗಿರುತ್ತದೆ ಅಂತ ಭಾರದ ಮುದಿ ನಾಯಿ ಅಲ್ಲೇ ದಿನವಿಡೀ ಬಿದ್ದಿರುತ್ತದೆ. ಕಲ್ಲು ಮೂಳೆಗೆ ಒತ್ತಿ ಒತ್ತಿ ಹೀಗಾಗುತ್ತದೆ. ಎರಡು ಕೌದಿ ಮಡಿಸಿ ಹಾಸಿ. ನೀರಿನ ಚೀಲವನ್ನು ಮನೆಯಲ್ಲಿ ಸೂಜಿ ಚುಚ್ಚಿ ಖಾಲಿ ಮಾಡಬೇಡಿ, ಕೀವಾಗುತ್ತದೆ.

ಬಿಳಿ ಹೊಟ್ಟೆಯ, ಕೂದಲು ತೆಳುವಾಗಿರುವ ನಾಯಿಗೆ ಹೊಟ್ಟೆ, ತೊಡೆ ಸಂದಿ ಅಥವಾ ಮೂಗಿನ ಮೇಲೆ ಕೆಂಪಗಾಗಿ ಹಕ್ಕಳೆ ಕಟ್ಟುವ ಹುಣ್ಣು ವಾಸಿಯಾಗದಿದ್ದರೆ ಚರ್ಮದ ಕ್ಯಾನ್ಸರ್ ಇರಬಹುದು. ವರ್ಷಗಟ್ಟಲೆ ಬಿಸಿಲಿಗೆ ಮೈಯೊಡ್ಡಿ ಮಲಗುವುದರಿಂದಲೂ ಬರುತ್ತದೆ. ನಮ್ಮ ಬಿಸಿಲು ಎಂಥದ್ದು ಅಂತ ನಿಮಗೇ ಗೊತ್ತಲ್ಲ.

ಇವೆಲ್ಲ ಬಿಟ್ಟರೆ ಸಕ್ಕರೆ ಕಾಯಿಲೆ, ಹಾರ್ಮೋನಿನ ತೊಂದರೆಗಳು. ನೀರು ಜಾಸ್ತಿ ಕುಡಿಯುತ್ತಿದೆಯಾ, ಮೂತ್ರ ಜಾಸ್ತಿಯಾಗಿದೆಯಾ ಅಂತ ಗಮನಿಸಿ ಹೇಳಿ.

6. ಗಂಟಾಗಿದ್ದರೆ: ಮೈಯೆಲ್ಲ ತಡವಿ, ಅಳೆದು, ಬರೆದಿಡಿ

ಒಂದು ಗಂಟು ಸಿಕ್ಕರೆ ಅಲ್ಲಿಗೇ ನಿಲ್ಲಬೇಡಿ. ಮೂತಿಯಿಂದ ಬಾಲದ ತುದಿವರೆಗೆ ಎರಡೂ ಕೈಯಲ್ಲಿ ತಡವಿ. ಬಾಯಿ ತೆರೆದು ನಾಲಿಗೆಯ ಕೆಳಗೂ ನೋಡಿ. ಹೆಣ್ಣು ನಾಯಿಯಾದರೆ ಸಾಮಾನ್ಯವಾಗಿ ಐದು ಜೊತೆ ಮೊಲೆ ಇರುತ್ತವೆ. ಒಂದೊಂದನ್ನೂ ಬೆರಳ ನಡುವೆ ಹಿಡಿದು ನೋಡಿ. ಗಂಡಾದರೆ ಎರಡೂ ಬೀಜ, ಗುದದ ಸುತ್ತ.

ಸಿಕ್ಕ ಗಂಟಿನ ಪಕ್ಕ ಸ್ಕೇಲು ಇಟ್ಟು ಫೋಟೊ ತೆಗೆಯಿರಿ. ತಾರೀಖು, ಜಾಗ, ಉದ್ದ, ಅಗಲ ಬರೆಯಿರಿ. ‘ನಿಂಬೆಹಣ್ಣಿನಷ್ಟು’ ಅನ್ನಬೇಡಿ, ಸೆಂಟಿಮೀಟರ್ ಬರೆಯಿರಿ. ಅದು ಚರ್ಮದ ಜೊತೆ ಸರಿಯುತ್ತದಾ, ಕೆಳಗೆ ಅಂಟಿಕೊಂಡಿದೆಯಾ, ಮೇಲೆ ಕೂದಲು ಉದುರಿದೆಯಾ, ಬಿಸಿ ಇದೆಯಾ, ಇಷ್ಟೂ ಬರೆಯಿರಿ. ನಮ್ಮ ಮನೆಯಲ್ಲಿ ಪ್ರತಿ ಅಮಾವಾಸ್ಯೆಗೆ ಈ ತಪಾಸಣೆ. ಪೂಜೆಯ ದಿನವಾದ್ದರಿಂದ ಮರೆಯುವುದಿಲ್ಲ.

ಅಳತೆಗೆ ಒಂದು ನಿಯಮ ಇಟ್ಟುಕೊಳ್ಳಿ. ಗಂಟು ಒಂದು ಸೆಂಟಿಮೀಟರ್, ಅಂದರೆ ದಪ್ಪ ಕಡಲೆಕಾಳಿನಷ್ಟು ಆಗಿದ್ದರೆ, ಅಥವಾ ಒಂದು ತಿಂಗಳಿನಿಂದ ಇದ್ದರೆ, ಸೂಜಿ ಪರೀಕ್ಷೆ ಮಾಡಿಸಿ. ನೋವಿಲ್ಲ ಅನ್ನುವುದು ಸಮಾಧಾನದ ವಿಷಯ ಅಲ್ಲ. ಕೀವಿನ ಗಂಟು ನೋಯುತ್ತದೆ, ಕ್ಯಾನ್ಸರ್ ಗಂಟು ಶುರುವಿನಲ್ಲಿ ಬಹಳ ಸಲ ನೋಯುವುದಿಲ್ಲ.

ಹಿಸುಕಬೇಡಿ. ಕುದುರೆ ಕೂದಲು, ದಾರ ಬಿಗಿದು ಉದುರಿಸುವ ಪ್ರಯತ್ನ ಬೇಡ. ಬಿಸಿ ಮುದ್ರೆಯಂತೂ ಬೇಡವೇ ಬೇಡ. ಉಣ್ಣೆ ಅಂತ ತಿಳಿದು ನರುಳ್ಳಿ ಅಥವಾ ಮೊಲೆತೊಟ್ಟು ಕೀಳಲು ಹೋದವರಿದ್ದಾರೆ. ಟಾರ್ಚ್ ಹಾಕಿ ಕಾಲು ಕಾಣುತ್ತವಾ ನೋಡಿ, ಆಮೇಲೆ ಕೈ ಹಾಕಿ.

ನೀವು ಕೇಳಬಹುದಾದ ಹೆಸರುಗಳನ್ನು ಇಲ್ಲೇ ಬಿಡಿಸಿ ಹೇಳುತ್ತೇನೆ.

ಲಿಪೋಮಾ: ಕೊಬ್ಬಿನ ಗಂಟು. ಮೆತ್ತಗೆ, ಸರಿದಾಡುತ್ತದೆ. ವಯಸ್ಸಾದ ದಪ್ಪ ನಾಯಿಗಳಿಗೆ ಸಾಮಾನ್ಯ. ಓಡಾಟಕ್ಕೆ ಅಡ್ಡಿಯಾಗದಿದ್ದರೆ ತೆಗೆಸಬೇಕಿಲ್ಲ. ಆದರೆ ಲಿಪೋಮಾ ಅಂತ ಹೇಳಬೇಕಾದ್ದು ಸೂಜಿ, ಬೆರಳಲ್ಲ.

ಮಾಸ್ಟ್ ಸೆಲ್ ಗಡ್ಡೆ: ನಮ್ಮ ಕೆಂಚನಿಗೆ ಬಂದದ್ದು. ಇದು ಕೊಬ್ಬಿನ ಗಂಟಿನ ಹಾಗೆ, ನರುಳ್ಳಿಯ ಹಾಗೆ, ಸೊಳ್ಳೆ ಕಚ್ಚಿದ ಹಾಗೆ, ಯಾವ ವೇಷದಲ್ಲಾದರೂ ಬರುತ್ತದೆ. ಇವತ್ತು ಊದಿ ನಾಳೆ ಇಳಿಯುತ್ತದೆ. ಇಳಿಯಿತು ಅಂತ ಜನ ಸುಮ್ನೆ ಇದ್ದುಬಿಡುತ್ತಾರೆ. ಹಿಸುಕಿದರೆ ಒಳಗಿನ ರಾಸಾಯನಿಕ ಹೊರಬಂದು ಸುತ್ತ ಕೆಂಪಗೆ ಬಾಯುತ್ತದೆ. ವಾಂತಿ, ಡಾಂಬರಿನಂತಹ ಕಪ್ಪು ಮಲ ಜೊತೆಗಿದ್ದರೆ ತಡ ಮಾಡಬೇಡಿ.

ಮೊಲೆ ಗಡ್ಡೆ: ಸಂತಾನಹರಣ ಮಾಡಿಸದ ಹೆಣ್ಣು ನಾಯಿಗಳಲ್ಲಿ ತುಂಬಾ ಸಾಮಾನ್ಯ. ಸುಮಾರು ಅರ್ಧದಷ್ಟು ಕೆಟ್ಟವೇ ಆಗಿರುತ್ತವೆ. 3 ಸೆಂಟಿಮೀಟರ್ ಒಳಗಿರುವಾಗ ತೆಗೆದರೆ ಬದುಕುವ ಸಾಧ್ಯತೆ ಜಾಸ್ತಿ. ಆದ್ದರಿಂದ ‘ಇನ್ನೂ ಚಿಕ್ಕದಿದೆ, ನೋಡೋಣ’ ಅನ್ನುವುದು ತಲೆಕೆಳಗಾದ ಲೆಕ್ಕ. ಚಿಕ್ಕದಿರುವಾಗಲೇ ಹೋಗಬೇಕು.

ಗುದದ ಸುತ್ತಲಿನ ಗಂಟು: ಬೀಜ ತೆಗೆಸದ ಮುದಿ ಗಂಡು ನಾಯಿಗೆ ಬರುತ್ತದೆ. ಹೆಚ್ಚಿನವು ಸಾಧು. ಬೀಜ ತೆಗೆಸಿದರೆ ಎಷ್ಟೋ ಸಲ ತಾನೇ ಕುಗ್ಗುತ್ತದೆ.

ಟಿ.ವಿ.ಟಿ.: ಕೂಡುವಾಗ ನಾಯಿಯಿಂದ ನಾಯಿಗೆ ಅಂಟುವ ಗಡ್ಡೆ. ಜನನಾಂಗದಲ್ಲಿ ಹೂಕೋಸಿನಂತೆ ಬೆಳೆದು ರಕ್ತ ತೊಟ್ಟಿಕ್ಕುತ್ತದೆ. ‘ಬೆದೆಗೆ ಬಂದಿದೆ’ ಅಂತ ತಿಂಗಳುಗಟ್ಟಲೆ ಬಿಡುತ್ತಾರೆ. ಮೂತಿಯ ಮೇಲೂ ಬರಬಹುದು. ಇದು ಹೆಸರಿಗೆ ಕ್ಯಾನ್ಸರ್, ಆದರೆ ವಾರಕ್ಕೊಂದರಂತೆ ಕೆಲವು ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೊಟ್ಟರೆ ಹೆಚ್ಚಿನ ನಾಯಿಗಳು ಪೂರ್ತಿ ಗುಣವಾಗುತ್ತವೆ. ನಡುವೆ ಬಿಡಬಾರದು ಅಷ್ಟೇ.

ಗದ್ದದ ಕೆಳಗೆ, ಭುಜದ ಮುಂದೆ, ಹಿಂಗಾಲಿನ ಮಂಡಿಯ ಹಿಂದೆ ಎರಡೂ ಬದಿ ಒಟ್ಟಿಗೆ ಗಂಟು ಸಿಕ್ಕರೆ ಅವು ದುಗ್ಧಗ್ರಂಥಿಗಳು, ಅಂದರೆ ಸೋಂಕಿನ ವಿರುದ್ಧ ಕಾವಲು ಕಾಯುವ ಸಣ್ಣ ಕಾಳುಗಳು. ಉಣ್ಣೆ ಜ್ವರದಲ್ಲೂ ಊದುತ್ತವೆ, ಲಿಂಫೋಮಾ ಅನ್ನುವ ಕ್ಯಾನ್ಸರ್‌ನಲ್ಲೂ ಊದುತ್ತವೆ.

7. ದವಾಖಾನೆಯಲ್ಲಿ ಏನು ಕೇಳಬೇಕು

ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲಾ ಕೇಂದ್ರಗಳಲ್ಲಿ, ತಾಲ್ಲೂಕುಗಳಲ್ಲಿ ಪಶುಪಾಲನಾ ಇಲಾಖೆಯ ಆಸ್ಪತ್ರೆ ಇದೆ. ದನದ ದವಾಖಾನೆ ಅಂತ ಕರೆದರೂ ನಾಯಿಯನ್ನೂ ನೋಡುತ್ತಾರೆ. ಮನೆ ಬಾಗಿಲಿಗೆ ಬರುವ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆ. ಅದು ಮುಖ್ಯವಾಗಿ ದನಕರುಗಳಿಗೆ. ದೊಡ್ಡ ಪರೀಕ್ಷೆ, ಆಪರೇಷನ್ ಬೇಕಾದರೆ ಕೊಪ್ಪಳದವರಿಗೆ ಗದಗದ ಪಶುವೈದ್ಯಕೀಯ ಕಾಲೇಜು ಹತ್ತಿರ. ರಾಯಚೂರಿನವರು ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೋ ಹೈದರಾಬಾದಿಗೋ ಹೋಗುತ್ತಾರೆ. ಬಳ್ಳಾರಿಯಿಂದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೋಗುವವರಿದ್ದಾರೆ.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ತಲುಪಿ. ಆಟೊದಲ್ಲಿ ಒದ್ದೆ ಬಟ್ಟೆ, ನೀರು ಇರಲಿ.

ವೈದ್ಯರನ್ನು ನೇರವಾಗಿ ಹೀಗೆ ಕೇಳಿ: “ಸರ್, ಇದಕ್ಕೆ ಎಫ್.ಎನ್.ಎ.ಸಿ. ಮಾಡಬಹುದಾ?” ಅದೇ ಸೂಜಿ ಪರೀಕ್ಷೆ. ಇಂಜೆಕ್ಷನ್ ಸೂಜಿಯನ್ನು ಗಂಟಿಗೆ ಚುಚ್ಚಿ, ಒಳಗಿನ ಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ಹರಡಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಸಾಮಾನ್ಯವಾಗಿ ಅರಿವಳಿಕೆ ಬೇಕಿಲ್ಲ, ಕೆಲವೇ ನಿಮಿಷದ ಕೆಲಸ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಅಂತ ನಮ್ಮಲ್ಲಿ ಭಯ ಇದೆ. ಚರ್ಮದ ಗಂಟುಗಳಲ್ಲಿ ಆ ಭಯಕ್ಕೆ ಪರೀಕ್ಷೆ ಬಿಡುವಷ್ಟು ಆಧಾರ ಇಲ್ಲ. ಸೂಜಿಯಲ್ಲಿ ಸ್ಪಷ್ಟವಾಗದಿದ್ದರೆ ಬಯಾಪ್ಸಿ, ಅಂದರೆ ಸಣ್ಣ ತುಣುಕು ಕತ್ತರಿಸಿ ನೋಡುವುದು.

ಇಲ್ಲಿ ಮೂರು ಎಚ್ಚರಿಕೆ. ಮೊದಲನೆಯದು, ಪರೀಕ್ಷೆಗೆ ಮೊದಲು ಸ್ಟೀರಾಯ್ಡ್ ಇಂಜೆಕ್ಷನ್ ಬೇಡ. ಗಂಟು ಕುಗ್ಗಿ ವಾಸಿಯಾದಂತೆ ಕಾಣುತ್ತದೆ, ಆಮೇಲೆ ಪರೀಕ್ಷೆಯಲ್ಲಿ ಕಾಯಿಲೆ ಸರಿಯಾಗಿ ಸಿಗುವುದಿಲ್ಲ. “ಇದರಲ್ಲಿ ಸ್ಟೀರಾಯ್ಡ್ ಇದೆಯಾ?” ಅಂತ ಕೇಳುವುದು ಅಗೌರವ ಅಲ್ಲ. ಎರಡನೆಯದು, ಎರಡು ಸಲ ಆ್ಯಂಟಿಬಯಾಟಿಕ್ ಕೋರ್ಸ್ ಮುಗಿದರೂ ಗಾಯ ಹಾಗೇ ಇದ್ದರೆ ಮೂರನೆಯದಕ್ಕೆ ಮೊದಲು ಪರೀಕ್ಷೆ ಕೇಳಿ. ಮೂರನೆಯದು ಸ್ಯಾಂಪಲ್ ಕಳಿಸುವವರಿಗೆ. ಗಾಜಿನ ಪಟ್ಟಿಗಳನ್ನೂ ಫಾರ್ಮಲಿನ್ (ಕತ್ತರಿಸಿದ ತುಣುಕು ಕೆಡದಂತೆ ಇಡುವ ದ್ರಾವಣ) ಬಾಟಲಿಯನ್ನೂ ಒಂದೇ ಡಬ್ಬಿಯಲ್ಲಿ ಕೊರಿಯರ್ ಮಾಡಬೇಡಿ. ಫಾರ್ಮಲಿನ್ ಆವಿ ತಾಗಿದರೆ ಪಟ್ಟಿ ಓದಲು ಬರುವುದಿಲ್ಲ.

8. ಆಪರೇಷನ್ ಅಂತಾದರೆ

“ವಯಸ್ಸಾಗೈತಿ, ಅನಸ್ತೇಶಿಯಾ ತಡಕೊಳ್ಳಂಗಿಲ್ಲ” ಅನ್ನುವ ಮಾತನ್ನು ಹಾಗೇ ಒಪ್ಪಬೇಡಿ. ವಯಸ್ಸು ಕಾಯಿಲೆ ಅಲ್ಲ. ಕಿಡ್ನಿ, ಲಿವರ್, ಹೃದಯ ಹೇಗಿವೆ ಅನ್ನುವುದು ಮುಖ್ಯ. ಆದ್ದರಿಂದ ಮೊದಲು ರಕ್ತ ಪರೀಕ್ಷೆ. ರಕ್ತಕಣಗಳ ಎಣಿಕೆ, ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ), ಲಿವರ್, ಸಕ್ಕರೆ. ಪ್ಲೇಟ್‌ಲೆಟ್ ಎಣಿಕೆಯನ್ನಂತೂ ಬಿಡಲೇಬೇಡಿ. ನಮ್ಮ ಕಡೆ ಉಣ್ಣೆ ಜಾಸ್ತಿ, ಉಣ್ಣೆ ಜ್ವರದಲ್ಲಿ ರಕ್ತ ಹೆಪ್ಪುಗಟ್ಟಿಸುವ ಈ ಕಣಗಳು ಕುಸಿದಿರುತ್ತವೆ. ಹೊರಗೆ ಚೆನ್ನಾಗಿ ಕಾಣುವ ನಾಯಿಗೂ ಹಾಗಿರಬಹುದು. ಗೊತ್ತಿಲ್ಲದೆ ಕೊಯ್ದರೆ ರಕ್ತ ನಿಲ್ಲುವುದಿಲ್ಲ. ಮೊದಲು ಉಣ್ಣೆ ಜ್ವರಕ್ಕೆ ಚಿಕಿತ್ಸೆ, ಆಮೇಲೆ ಆಪರೇಷನ್.

ಕ್ಯಾನ್ಸರ್ ಅನುಮಾನ ಇದ್ದರೆ ಎದೆಯ ಎಕ್ಸ್‌ರೇ ತೆಗೆಸಿ. ಶ್ವಾಸಕೋಶಕ್ಕೆ ಹರಡಿದ್ದರೆ ಗಂಟು ತೆಗೆದು ನಾಯಿಗೆ ನೋವು ಕೊಡುವುದರಲ್ಲಿ ಅರ್ಥ ಇದೆಯಾ ಅಂತ ಯೋಚಿಸಬೇಕಾಗುತ್ತದೆ.

ಮುಧೋಳ ನಾಯಿ ಇದ್ದವರು ತಳಿಯ ಹೆಸರು ಹೇಳಿ. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಬೇಟೆ ನಾಯಿಗಳಿಗೆ ಕೆಲವು ಅರಿವಳಿಕೆ ಮದ್ದುಗಳ ಅಮಲು ಜಾಸ್ತಿ ಹೊತ್ತು ಇಳಿಯುವುದಿಲ್ಲ. ಹಿಂದಿನ ರಾತ್ರಿಯಿಂದ ಊಟ ನಿಲ್ಲಿಸಿ. ನೀರು ಎಷ್ಟು ಹೊತ್ತಿನವರೆಗೆ ಅಂತ ವೈದ್ಯರನ್ನೇ ಕೇಳಿ.

ತೆಗೆದ ಗಡ್ಡೆಯನ್ನು ಬಿಸಾಡಲು ಬಿಡಬೇಡಿ. ಅಗಲ ಬಾಯಿಯ ಡಬ್ಬಿಯಲ್ಲಿ, ಗಡ್ಡೆಯ ಹತ್ತು ಪಟ್ಟು 10 ಶೇಕಡ ಫಾರ್ಮಲಿನ್ ಹಾಕಿ ಪರೀಕ್ಷೆಗೆ ಕಳಿಸಬೇಕು. ಅಂಚಿನಲ್ಲಿ ಕೆಟ್ಟ ಕೋಶ ಉಳಿದಿವೆಯಾ ಅನ್ನುವುದು ಆ ವರದಿಯಿಂದಲೇ ತಿಳಿಯುವುದು. ದುಡ್ಡು ಉಳಿಸಬೇಕಿದ್ದರೆ ಬೇರೆಲ್ಲಾದರೂ ಉಳಿಸಿ, ಇದರಲ್ಲಿ ಬೇಡ.

9. ಮನೆಗೆ ಬಂದ ಮೇಲೆ

ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ 10ರಿಂದ 14ನೇ ದಿನ. ಅಲ್ಲಿಯವರೆಗೆ ಕೊರಳಿಗೆ, ಗಾಯ ನೆಕ್ಕದಂತೆ ತಡೆಯುವ ಕೋನ್ ಇರಲೇಬೇಕು. ಪಾಪ ಅಂತ ರಾತ್ರಿ ಬಿಚ್ಚಿದರೆ ಬೆಳಿಗ್ಗೆ ಹೊಲಿಗೆ ಇರುವುದಿಲ್ಲ. ನಾಯಿ ಜೊಲ್ಲಿಗೆ ಗಾಯ ವಾಸಿಯಾಗುತ್ತದೆ ಅನ್ನುವ ನಂಬಿಕೆ ತಪ್ಪು. ಕೋನ್ ಸಿಗದಿದ್ದರೆ ಸಣ್ಣ ಪ್ಲಾಸ್ಟಿಕ್ ಬಕೆಟ್‌ನ ತಳ ಕತ್ತರಿಸಿ, ಅಂಚಿಗೆ ಬಟ್ಟೆ ಹೊಲಿದು ಹಾಕಿ. ಸ್ನಾನ ಬೇಡ. ಹಗಲು ಮಲಗುವಾಗ ಸೊಳ್ಳೆ ಪರದೆ ಕಟ್ಟಿ, ನೊಣ ಕೂರಬಾರದು. ದಿನಕ್ಕೆರಡು ಸಲ ಗಾಯ ನೋಡಿ ಫೋಟೊ ತೆಗೆಯಿರಿ. ಕೆಂಪು ಹರಡಿದರೆ, ವಾಸನೆ ಬಂದರೆ, ಹೊಲಿಗೆ ಬಿಟ್ಟರೆ ಫೋನ್ ಮಾಡುತ್ತಾ ಕೂರದೆ ಕರೆದುಕೊಂಡು ಹೋಗಿ.

10. ಆಪರೇಷನ್ ಬೇಡ ಅಂತ ತೀರ್ಮಾನವಾದರೆ

ಹರಡಿದ ಕ್ಯಾನ್ಸರ್ ಇರುವ ಹದಿನಾಲ್ಕು ವರ್ಷದ ನಾಯಿಯನ್ನು ಮೇಜಿನ ಮೇಲೆ ಮಲಗಿಸದಿರುವುದು ಕೈಬಿಟ್ಟಂತೆ ಅಲ್ಲ. ನೋವಿನ ಮದ್ದು ಇದೆ, ವೈದ್ಯರು ತೂಕ, ಕಿಡ್ನಿ ನೋಡಿ ಬರೆದುಕೊಡುತ್ತಾರೆ. ಒಡೆದ ಗಡ್ಡೆಯನ್ನು ದಿನಾ ತೊಳೆದು, ಗಾಜ್ ಮುಚ್ಚಿ, ಹುಳ ಬೀಳದಂತೆ ಕಾಯಬಹುದು. ಗೋಡೆಯ ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನಕ್ಕೊಂದು ಗುರುತು, ಕೆಟ್ಟ ದಿನಕ್ಕೊಂದು ಗುರುತು ಹಾಕಿ. ತಾನೇ ಎದ್ದು ನೀರು ಕುಡಿಯಿತಾ, ಊಟಕ್ಕೆ ಬಂತಾ, ನಿಮ್ಮನ್ನು ನೋಡಿ ಬಾಲ ಅಲ್ಲಾಡಿಸಿತಾ, ರಾತ್ರಿ ನಿದ್ದೆ ಮಾಡಿತಾ. ಕೆಟ್ಟ ದಿನಗಳೇ ಜಾಸ್ತಿಯಾದಾಗ ದಯಾಮರಣದ ಬಗ್ಗೆ ವೈದ್ಯರ ಹತ್ತಿರ ಮಾತಾಡಿ.

ಮೊದಲು ಮಂಪರಿನ ಮದ್ದು ಕೊಟ್ಟು, ನಾಯಿ ಪೂರ್ತಿ ಮಲಗಿದ ಮೇಲೆಯೇ ಕೊನೆಯ ಇಂಜೆಕ್ಷನ್ ಕೊಡಬೇಕು. ಹಾಗೇ ಮಾಡುತ್ತೀರಾ ಅಂತ ಮುಂಚೆಯೇ ಕೇಳಿ ಖಚಿತ ಮಾಡಿಕೊಳ್ಳಿ. ಸಾಧ್ಯವಾದರೆ ಮನೆಗೇ ಬರಲು ಕೇಳಿಕೊಳ್ಳಿ, ಅದು ಮಲಗುವ ಕೌದಿಯ ಮೇಲೆಯೇ ಆಗಲಿ. ಹೂಳುವುದಾದರೆ ಬಾವಿ, ಬೋರ್‌ವೆಲ್‌ನಿಂದ ದೂರ ಜಾಗ ನೋಡಿ, ಎದೆಮಟ್ಟ ಆಳ ತೋಡಿಸಿ, ಮೇಲೆ ಕಲ್ಲು ಹೇರಿಸಿ. ಕೊಟ್ಟ ಮದ್ದು ದೇಹದಲ್ಲಿ ಉಳಿದಿರುತ್ತದೆ. ಬೀದಿ ನಾಯಿಗಳು ಕೆದರಿ ತಿಂದರೆ ಅವಕ್ಕೂ ಅಪಾಯ.